ಮೆಹಾರಿಯ ಮೈ ಮೇಲಿನ ಬಿರುಕು: ಪ್ಲಾಸ್ಟಿಕ್ ವಾಹನಗಳ ರಿಪೇರಿ ವಿದ್ಯೆಯ ಹುಟ್ಟು

ಮೋಟಾರು ವಾಹನಗಳ ಮೈಗೆ ಉಕ್ಕಿನ ತಗಡನ್ನೇ ಬಳಸುತ್ತಿದ್ದ ಕಾಲದಲ್ಲಿ, ತಗ್ಗಿದ್ದನ್ನು ಬಡಿದು ಎತ್ತುವುದು, ತುಕ್ಕು ತಿಂದದ್ದನ್ನು ಕತ್ತರಿಸಿ ಹೊಸ ತುಂಡು ಬೆಸೆಯುವುದು, ಪುಟ್ಟಿ ತುಂಬಿ ಬಣ್ಣ ಹೊಡೆಯುವುದು, ಇಷ್ಟರಲ್ಲಿ ರಿಪೇರಿ ಮುಗಿಯುತ್ತಿತ್ತು. ನಮ್ಮ ಊರುಗಳಲ್ಲಿ ಟಿಂಕರಿಂಗ್ ಎಂದು ಕರೆಯುವ ಈ ಕೆಲಸಕ್ಕೆ ಕಮ್ಮಾರಿಕೆಯ ಹಳೆಯ ಅನುಭವದ ಬೆಂಬಲವಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಳು, ಕೆಸರು, ಕಲ್ಲುಹಾದಿಗಳಲ್ಲಿ ಓಡುವ ಹಗುರ ವಾಹನಗಳಿಗೆ ಪ್ಲಾಸ್ಟಿಕ್ ಮೈ ಬಂದಾಗ ತುಕ್ಕಿನ ಕಾಟ ತಪ್ಪಿತು, ತಗ್ಗಿನ ಕಾಟವೂ ಬಹುಮಟ್ಟಿಗೆ ತಪ್ಪಿತು. ಆದರೆ ಸುತ್ತಿಗೆಗೆ ಬಗ್ಗದ ಹೊಸ ದೋಷವೊಂದು, ಅಂದರೆ ಬಿರುಕು, ಅವುಗಳ ಜಾಗಕ್ಕೆ ಬಂದಿತು. ಈ ಬದಲಾವಣೆಯನ್ನು ಅರಿಯಲು ಫ್ರಾನ್ಸಿನ ಸಿಟ್ರೊಯೆನ್ ಮೆಹಾರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಉತ್ತರ ಆಫ್ರಿಕಾದ ವೇಗದ ಸವಾರಿ ಒಂಟೆಯ ಹೆಸರನ್ನು ಪಡೆದ ಈ ವಾಹನವು 1968ರ ಮೇ ತಿಂಗಳಲ್ಲಿ, ಫ್ರಾನ್ಸ್ ದೇಶವೇ ಮುಷ್ಕರದಲ್ಲಿ ಮುಳುಗಿದ್ದಾಗ, ದೋವಿಲ್‌ನಲ್ಲಿ ಪ್ರದರ್ಶನಗೊಂಡಿತು. ಇದನ್ನು ಕಲ್ಪಿಸಿದ ರೋಲಾಂ ದ ಲಾ ಪೊಯ್ಪ್ ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ರಂಗದಲ್ಲಿ ಹೋರಾಡಿದ ನಾರ್ಮಂಡಿ-ನೀಮೆನ್ ವಿಮಾನದಳದ ಚಾಲಕ. ಯುದ್ಧಾನಂತರ ಪ್ಲಾಸ್ಟಿಕ್ ಉದ್ಯಮಕ್ಕೆ ಇಳಿದು, ಒಂದು ಸಲದ ಬಳಕೆಗಾಗುವ ಶಾಂಪೂ ಪೊಟ್ಟಣವನ್ನು ಫ್ರಾನ್ಸಿನಲ್ಲಿ ಜನಪ್ರಿಯಗೊಳಿಸಿದವನೂ ಅವನೇ. ಸಿಟ್ರೊಯೆನ್ ಕಂಪನಿಯ ಪುಟ್ಟ ಕಾರುಗಳ ಚಾಸಿ ಮತ್ತು 602 ಸಿಸಿಯ ಎರಡು ಸಿಲಿಂಡರಿನ ಎಂಜಿನ್ ಮೇಲೆ ಉಕ್ಕಿನ ಕೊಳವೆಗಳ ಚೌಕಟ್ಟನ್ನು ಕೂರಿಸಿ, ಅದಕ್ಕೆ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಹಲಗೆಗಳನ್ನು ಜೋಡಿಸಿದ ಈ ವಾಹನ 1987ರವರೆಗೆ 1,44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಬಣ್ಣವನ್ನು ಮೇಲೆ ಬಳಿಯದೆ ಪ್ಲಾಸ್ಟಿಕ್ಕಿನೊಳಗೇ ಬೆರೆಸಿದ್ದರಿಂದ ಗೀರು ಬಿದ್ದರೂ ಎದ್ದು ಕಾಣುತ್ತಿರಲಿಲ್ಲ. ಒಳಹೊರಗನ್ನು ನೀರಿನ ಪೈಪಿನಿಂದಲೇ ತೊಳೆಯಬಹುದಿತ್ತು.

ಎಬಿಎಸ್ ಎಂಬುದು ಅಕ್ರಿಲೋನೈಟ್ರೈಲ್, ಬ್ಯೂಟಡೈಯೀನ್, ಸ್ಟೈರೀನ್ ಎಂಬ ಮೂರು ರಾಸಾಯನಿಕಗಳಿಂದಾದ ವಸ್ತುವಾಗಿದ್ದು, ಗಡಸು ಪ್ಲಾಸ್ಟಿಕ್ಕಿನ ನಡುವೆ ಹರಡಿರುವ ಬ್ಯೂಟಡೈಯೀನ್ ರಬ್ಬರಿನ ಸೂಕ್ಷ್ಮ ಕಣಗಳು ಹೊಡೆತದ ಶಕ್ತಿಯನ್ನು ಹೀರಿಕೊಂಡು ಬಿರುಕು ಮುಂದುವರಿಯದಂತೆ ತಡೆಯುತ್ತವೆ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿ ಮೊದಲು ಕೆಡಿಸುವುದು ಈ ರಬ್ಬರನ್ನೇ ಆದ್ದರಿಂದ, ವರ್ಷಗಳು ಕಳೆದಂತೆ ಮೇಲ್ಪದರ ಮಸುಕಾಗಿ ಪೆಡಸಾಗುತ್ತದೆ. ಆ ಪದರದಲ್ಲಿ ಹುಟ್ಟಿದ ಕೂದಲೆಳೆಯಂಥ ಬಿರುಕು, ಒಳಗಿನ ಭಾಗ ಇನ್ನೂ ಗಟ್ಟಿಯಾಗಿದ್ದರೂ, ಅದನ್ನು ಸೀಳಿಕೊಂಡು ಹೋಗುತ್ತದೆ. ಸಮುದ್ರತೀರದ ವಿಹಾರಕ್ಕೆಂದು ರೂಪಿಸಿದ ವಾಹನಕ್ಕೆ ಬಿಸಿಲೇ ಮುಖ್ಯ ಶತ್ರುವಾದದ್ದು ಅದರ ಇತಿಹಾಸದ ನೋವಿನ ಸಂಗತಿ.

ಮೆಹಾರಿ ಬರುವುದಕ್ಕೆ ನಾಲ್ಕು ವರ್ಷ ಮೊದಲು, 1964ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಮೇಯರ್ಸ್ ರೂಪಿಸಿದ ಮೇಯರ್ಸ್ ಮ್ಯಾಂಕ್ಸ್ ಎಂಬ ಮರಳುದಿಬ್ಬದ ಬಂಡಿಯ ಮೈ ಫೈಬರ್‌ಗ್ಲಾಸಿನದು, ಅಂದರೆ ಗಾಜಿನ ಎಳೆಗಳನ್ನು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ರಾಳದಲ್ಲಿ ಹುದುಗಿಸಿದ್ದು. ಮೇಯರ್ಸ್ ದೋಣಿ ಕಟ್ಟುವುದರಲ್ಲಿ ಪಳಗಿದವನಾಗಿದ್ದರಿಂದ ಆ ವಾಹನಕ್ಕೆ ದೋಣಿಗಳ ರಿಪೇರಿ ವಿಧಾನ ಸಿದ್ಧವಾಗಿಯೇ ದೊರೆಯಿತು: ಬಿರುಕಿನ ಸುತ್ತ ಉಜ್ಜಿ, ಗಾಜಿನ ಎಳೆಯ ಹಾಸನ್ನು ರಾಳದಲ್ಲಿ ತೋಯಿಸಿ ಪದರಪದರವಾಗಿ ಅಂಟಿಸುವುದು. ಮೆಹಾರಿಗೆ ಅಂಥ ಪೂರ್ವಜರಿರಲಿಲ್ಲ. ಫೈಬರ್‌ಗ್ಲಾಸಿನ ತೇಪೆಯನ್ನು ಎಬಿಎಸ್ ಮೇಲೆ ಹಾಕಿದರೆ, ಹಲಗೆ ಬಾಗಿದರೂ ತೇಪೆ ಬಾಗದೆ ಅಂಚಿನಲ್ಲಿ ಕಿತ್ತುಬರುವ ಇಲ್ಲವೇ ಪಕ್ಕದಲ್ಲಿಯೇ ಹೊಸ ಬಿರುಕು ಮೂಡುವ ಸಂಭವ ಹೆಚ್ಚು.

ಎಬಿಎಸ್‌ಗೆ ಒಗ್ಗುವ ವಿಧಾನ ಬೇರೆ. ಅದು ಕಾಯಿಸಿದರೆ ಮೆದುವಾಗುವ, ಅಸಿಟೋನ್‌ನಂಥ ದ್ರಾವಕದಲ್ಲಿ ಕರಗುವ ವಸ್ತುವಾದ್ದರಿಂದ, ಅದನ್ನು ಅದರಿಂದಲೇ ಕೂಡಿಸಬಹುದು. ಮೊದಲು ಬಿರುಕಿನ ತುದಿಯನ್ನು ಹುಡುಕಿ ಅಲ್ಲೊಂದು ಸಣ್ಣ ರಂಧ್ರ ಕೊರೆಯಬೇಕು. ಚೂಪಾದ ತುದಿಯಲ್ಲಿ ಒತ್ತಡ ಹಲವು ಪಟ್ಟು ಏರುತ್ತದೆ, ತುದಿ ದುಂಡಗಾದರೆ ಅದು ಹರಡಿ ತಗ್ಗುತ್ತದೆ ಎಂಬುದನ್ನು ಇಂಗ್ಲೆಂಡಿನ ಎಂಜಿನಿಯರ್ ಇಂಗ್ಲಿಸ್ 1913ರಲ್ಲಿ ಗಣಿತದಿಂದ ತೋರಿಸಿದ್ದನು, 1921ರಲ್ಲಿ ಅದೇ ದೇಶದ ಎಂಜಿನಿಯರ್ ಗ್ರಿಫಿತ್ ಬಿರುಕಿನ ಬೆಳವಣಿಗೆಯನ್ನು ಶಕ್ತಿಯ ಲೆಕ್ಕದಿಂದ ವಿವರಿಸಿದ್ದನು. ಬಳಿಕ ಬಿರುಕಿನುದ್ದಕ್ಕೂ ಓರೆಯಾಗಿ ತೋಡು ತೆಗೆದು, ಅದೇ ಬಣ್ಣದ ಹಳೆಯ ಹಲಗೆಯ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಮಾಡಿದ ಸರಿಯನ್ನು ತೆಳುವಾಗಿ ತುಂಬಬೇಕು. ಹಿಂಬದಿಗೆ ಎಬಿಎಸ್ ಪಟ್ಟಿಯನ್ನು ಅದೇ ಸರಿಯಿಂದ ಅಂಟಿಸಿ, ದ್ರಾವಕ ಪೂರ್ತಿ ಆರುವವರೆಗೆ ಬಿಡಬೇಕು. ಆತುರಪಟ್ಟು ಒಮ್ಮೆಗೇ ದಪ್ಪವಾಗಿ ತುಂಬಿದರೆ ಒಳಗೆ ಸಿಕ್ಕಿಬಿದ್ದ ದ್ರಾವಕವೇ ಹಲಗೆಯನ್ನು ಮೆತ್ತಗಾಗಿಸಿ, ಗುಳ್ಳೆಯೆಬ್ಬಿಸಿ ಕೆಲಸವನ್ನು ಕೆಡಿಸುತ್ತದೆ. ಬಿಸಿಗಾಳಿಯ ಉಪಕರಣದಿಂದ ಎಬಿಎಸ್ ಕಡ್ಡಿಯನ್ನು ಕರಗಿಸಿ ಬೆಸೆಯುವುದು ಇನ್ನೊಂದು ದಾರಿ, ಆದರೆ ಪೆಡಸಾದ ಮೇಲ್ಪದರವನ್ನು ಕೆರೆದು ತೆಗೆಯದೆ ಬೆಸೆದರೆ ಅದೂ ನಿಲ್ಲುವುದಿಲ್ಲ.

ತಡೆಗಟ್ಟುವ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು ಬೋಲ್ಟಿನ ರಂಧ್ರ. ಒಂದು ಮೀಟರ್ ಉದ್ದದ ಎಬಿಎಸ್ ಹಲಗೆ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರಿದಾಗ ಸುಮಾರು 3 ಮಿಲಿಮೀಟರ್ ಹಿಗ್ಗಿದರೆ, ಅದನ್ನು ಹಿಡಿದಿರುವ ಉಕ್ಕಿನ ಕೊಳವೆ ಅರ್ಧ ಮಿಲಿಮೀಟರ್ ಮಾತ್ರ ಹಿಗ್ಗುತ್ತದೆ. ಹಲಗೆಗೆ ಸರಿಯಲು ಎಡೆಯಿಲ್ಲದಂತೆ ಬೋಲ್ಟನ್ನು ಬಿಗಿದರೆ, ಈ ಹಗ್ಗಜಗ್ಗಾಟವೆಲ್ಲ ರಂಧ್ರದ ಅಂಚಿನ ಮೇಲೆ ಬೀಳುತ್ತದೆ. ಆದ್ದರಿಂದ ರಂಧ್ರವನ್ನು ಬೋಲ್ಟಿಗಿಂತ ತುಸು ದೊಡ್ಡದಾಗಿ ಕೊರೆದು, ಅಂಚನ್ನು ನುಣುಪಾಗಿಸಿ, ಅಗಲವಾದ ವಾಷರ್ ಮತ್ತು ರಬ್ಬರನ್ನು ಇಟ್ಟು, ಅಲುಗದಷ್ಟು ಮಾತ್ರ ಬಿಗಿಯುವುದೇ ಸರಿಯಾದ ಕ್ರಮ. ಇದಲ್ಲದೆ ಪೆಟ್ರೋಲ್, ಬ್ರೇಕ್ ಎಣ್ಣೆ, ತಿನ್ನರ್ ತಗುಲಿದ ಜಾಗ, ಅದು ಮೊದಲೇ ಒತ್ತಡದಲ್ಲಿದ್ದರೆ, ಬೇಗ ಸೀಳುತ್ತದೆ. ಚೆಲ್ಲಿದ್ದನ್ನು ಕೂಡಲೇ ಒರೆಸುವುದು, ವಾಹನವನ್ನು ನೆರಳಿನಲ್ಲಿ ನಿಲ್ಲಿಸುವುದು ಈ ಕಾರಣಕ್ಕೆ. ಬಣ್ಣ ಹೊಡೆದರೆ ಬಿಸಿಲಿನಿಂದ ರಕ್ಷಣೆಯೇನೋ ಸಿಗುತ್ತದೆ, ಆದರೆ ಪ್ಲಾಸ್ಟಿಕ್ಕಿಗೆ ಹೊಂದದ ಬಣ್ಣ ಅದರ ದ್ರಾವಕದಿಂದಲೇ ಹಾನಿ ಮಾಡೀತು.

ಇಂದು ಫ್ರಾನ್ಸಿನ ಕಸ್ಸಿಯಲ್ಲಿರುವ ಮೆಹಾರಿ ಕ್ಲಬ್‌ನಂಥ ಸಂಸ್ಥೆಗಳಲ್ಲಿ ಹೊಸ ಹಲಗೆಗಳು ದೊರೆಯುತ್ತಿದ್ದು, ಹಳೆಯ ಮೈಯನ್ನು ಪೂರ್ತಿಯಾಗಿ ಕಳಚಿ ಹೊಸದನ್ನು ತೊಡಿಸುವುದು ಸುಲಭವಾಗಿದೆ. ಓಡಾಡುವ ವಾಹನಕ್ಕೆ ಅದು ಸರಿಯಾದ ಮಾರ್ಗವೇ; ಆದರೆ ಸಂಗ್ರಹಾಲಯಗಳಲ್ಲಿ ಉಳಿಸುವ ಮೆಹಾರಿಗಳಿಗೆ ಹಾಗೆ ಮಾಡಬಾರದು. ಬಿರುಕಿನ ತುದಿಯ ರಂಧ್ರ, ಹಿಂಬದಿಯ ಪಟ್ಟಿ, ಬಣ್ಣ ಸರಿಹೊಂದದ ತೇಪೆ, ಇವೆಲ್ಲ ಹೆಸರು ಉಳಿಯದ ಕೆಲಸಗಾರರು ಹೊಸ ವಸ್ತುವೊಂದನ್ನು ಅರಿತುಕೊಂಡ ಬಗೆಗೆ ನೇರ ಸಾಕ್ಷ್ಯಗಳು. ಅಂಥ ಹಲಗೆಗಳನ್ನು ಬದಲಿಸದೆ, ಇದ್ದಂತೆಯೇ ಕಾಪಾಡಬೇಕು.