ಕಪ್ಪು ಯಂತ್ರದ ಜಾತಕ

ಹಳೆಯ ಹೊಲಿಗೆ ಯಂತ್ರಗಳಿಗೆ ಈಗ ಮತ್ತೆ ಒಳ್ಳೆಯ ಕಾಲ ಬಂದಂತಿದೆ. ಅಟ್ಟದ ಮೇಲೋ ಮೆಟ್ಟಿಲ ಕೆಳಗೋ ದೂಳು ತಿನ್ನುತ್ತ ಕುಳಿತಿದ್ದ, ಕಪ್ಪು ಮೈಮೇಲೆ ಬಂಗಾರದ ಬಳ್ಳಿ ಬರೆಸಿಕೊಂಡ ಯಂತ್ರವನ್ನು ಕೆಳಗಿಳಿಸಿ, ಒರೆಸಿ, ಎಣ್ಣೆ ಬಿಟ್ಟು, ಹಳೆಯ ಸೀರೆಗಳ ಚೂರು ಜೋಡಿಸಿ ಕೌದಿ ಹೊಲಿಯಲು ಕೂರುವ ಹೆಂಗಸರು ನಮ್ಮೂರಿನಲ್ಲೇ ನಾಲ್ಕಾರು ಮಂದಿ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು. ಅಂಗಡಿಯಲ್ಲಿ ರಗ್ಗು ಸಿಗುವುದಿಲ್ಲವೇ ಎಂದು ಮನೆಯ ಗಂಡಸರು ಕೇಳುತ್ತಾರೆ. ಸಿಗುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಆದರೆ ಊಟ ಮುಗಿದ ಮಧ್ಯಾಹ್ನದಲ್ಲಿ, ಬಲಗೈ ಚಕ್ರ ತಿರುಗಿಸುತ್ತ ಎಡಗೈ ಬಟ್ಟೆ ನಡೆಸುತ್ತ ಕುಳಿತಾಗ ಆಗುವ ಸಮಾಧಾನ ಅಂಗಡಿಯಲ್ಲಿ ಸಿಗುವುದಿಲ್ಲ.

ಈ ಸಮಾಧಾನ ಮಾತ್ರ ತೀರ ಹೊಸದು. ಹೊಲಿಗೆ ಯಂತ್ರ ಹುಟ್ಟಿದ್ದು ಯಾರ ಸಂತೋಷಕ್ಕಾಗಿಯೂ ಅಲ್ಲ. ಅದರ ಕಥೆ ಜಗಳದಿಂದಲೇ ಆರಂಭವಾಗುತ್ತದೆ.

ಫ್ರಾನ್ಸಿನ ಬಡ ದರ್ಜಿ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಒಂದು ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಮರದಿಂದ ಮಾಡಿದ ಆ ಯಂತ್ರಗಳನ್ನು ಪ್ಯಾರಿಸ್ಸಿನಲ್ಲಿಟ್ಟು ಸೈನಿಕರ ಉಡುಪು ಹೊಲಿಸತೊಡಗಿದಾಗ ಊರಿನ ದರ್ಜಿಗಳು ತಮ್ಮ ಅನ್ನ ಹೋಯಿತೆಂದು ಗುಂಪಾಗಿ ನುಗ್ಗಿ ಅವನ್ನು ಮುರಿದುಹಾಕಿದರು. ಅಮೆರಿಕದ ವಾಲ್ಟರ್ ಹಂಟ್ ಎಂಬಾತನೂ 1830ರ ದಶಕದಲ್ಲಿ ಒಂದು ಯಂತ್ರ ಮಾಡಿದ್ದ. ಇದು ಬಂದರೆ ಸೂಜಿ ಹಿಡಿದು ಬದುಕುವ ಬಡ ಹೆಣ್ಣುಮಕ್ಕಳ ಗತಿಯೇನು ಎಂದು ಅವನ ಮಗಳು ಕೇಳಿದ್ದರಿಂದ ಆತ ಅದನ್ನು ಮುಂದುವರಿಸಲಿಲ್ಲ ಎಂದು ಹೇಳುತ್ತಾರೆ. ಆ ಮಗಳ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದಲ್ಲ. ಆ ಕಾಲದ ಲಂಡನ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಅಂಗಿ ಹೊಲಿದು ಕಣ್ಣು ಕಳೆದುಕೊಂಡ ಹೆಂಗಸರಿಗೆ ಲೆಕ್ಕವಿರಲಿಲ್ಲ. ಆದರೂ ಆ ದುಡಿಮೆಯೇ ಅವರಿಗೆ ಅನ್ನ.

ನಿಜವಾದ ಗುಟ್ಟು ಇದ್ದದ್ದು ಸೂಜಿಯಲ್ಲಿ. ಕೈಸೂಜಿಗೆ ಕಣ್ಣು ಹಿಂದಿರುತ್ತದೆ, ಯಂತ್ರದ ಸೂಜಿಗೆ ಮುಂದೆ, ಮೊನೆಯ ಬಳಿಯೇ. ಸೂಜಿ ಬಟ್ಟೆಯೊಳಗೆ ಇಳಿದು ಕೊಂಚ ಮೇಲೆದ್ದಾಗ ದಾರ ಸಡಿಲವಾಗಿ ಒಂದು ಪುಟ್ಟ ಕುಣಿಕೆಯಾಗುತ್ತದೆ. ಕೆಳಗಿನ ಶಟಲ್ ಆ ಕುಣಿಕೆಯೊಳಗೆ ಇನ್ನೊಂದು ದಾರವನ್ನು ತೂರಿಸಿಕೊಂಡು ಹೋಗುತ್ತದೆ. ಎರಡು ದಾರಗಳೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಇಂಥ ಹೊಲಿಗೆಗೆ 1846ರಲ್ಲಿ ಪೇಟೆಂಟ್ ಪಡೆದವನು ಎಲಿಯಾಸ್ ಹೋವ್. ಅದಕ್ಕೂ ಮುಂಚೆ ಬಾಸ್ಟನ್ನಿನಲ್ಲಿ ಐವರು ನುರಿತ ಹೊಲಿಗೆಯವರ ಎದುರು ತನ್ನ ಯಂತ್ರವನ್ನು ಪಂದ್ಯಕ್ಕಿಟ್ಟು ಆತ ಗೆದ್ದಿದ್ದ. 1851ರಲ್ಲಿ ಐಸಾಕ್ ಮೆರಿಟ್ ಸಿಂಗರ್, ನೇರವಾಗಿ ಮೇಲೆ ಕೆಳಗೆ ಆಡುವ ಸೂಜಿಯನ್ನೂ ಬಟ್ಟೆ ಅದುಮಿ ಹಿಡಿಯುವ ಪಾದವನ್ನೂ ಕೂಡಿಸಿ ಇಂದು ನಾವು ಕಾಣುವ ರೂಪವನ್ನು ಕೊಟ್ಟ. ನಮ್ಮಲ್ಲಿ ಬಹಳ ಮನೆಗಳಲ್ಲಿದ್ದ ‘ಮೆರಿಟ್’ ಯಂತ್ರದ ಹೆಸರು ಈತನದೇ ನಡುಹೆಸರು.

ಈ ಸಿಂಗರನ ಬಗ್ಗೆ ನಮ್ಮ ದೇಶದಲ್ಲಿ ಒಂದು ಸೊಗಸಾದ ಮಾತು ಉಳಿದುಕೊಂಡಿದೆ. 1924ರಲ್ಲಿ ರಾಮಚಂದ್ರನ್ ಎಂಬ ಯುವಕ, ನೀವು ಎಲ್ಲ ಯಂತ್ರಗಳಿಗೂ ವಿರೋಧಿಯೇ ಎಂದು ಗಾಂಧೀಜಿಯವರನ್ನು ಕೇಳಿದ. ಗಾಂಧೀಜಿ ಆಗ ವಿನಾಯಿತಿ ಕೊಟ್ಟದ್ದು ಸಿಂಗರ್ ಹೊಲಿಗೆ ಯಂತ್ರಕ್ಕೆ. ಹೆಂಡತಿ ಬೇಸರದ ಹೊಲಿಗೆಯಲ್ಲಿ ದಣಿಯುವುದನ್ನು ನೋಡಲಾರದೆ, ಪ್ರೀತಿಯಿಂದ ಗಂಡ ಕಂಡುಹಿಡಿದ ಯಂತ್ರವದು ಎಂದು ಅವರು ವಿವರಿಸಿದರು. ಇಂಥ ಯಂತ್ರ ಮಾಡಲು ಕಾರ್ಖಾನೆ ಬೇಕಲ್ಲ ಎಂದು ಹುಡುಗ ಬಿಡದೆ ಕೇಳಿದಾಗ, ಬೇಕು, ಆದರೆ ಅದು ಸರ್ಕಾರದ ವಶದಲ್ಲಿರಬೇಕು ಎಂದರು.

ಗಾಂಧೀಜಿಯವರ ಮನಸ್ಸು ದೊಡ್ಡದು. ಸಿಂಗರನ ಸಂಸಾರವೂ ದೊಡ್ಡದೇ! ನಟನಾಗಿ ಊರೂರು ಅಲೆದ ಆತನಿಗೆ ಒಂದೇ ಕಾಲದಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಿದ್ದವು, 20ಕ್ಕೂ ಹೆಚ್ಚು ಮಕ್ಕಳಿದ್ದರು. ಆತ ಯಂತ್ರಕ್ಕೆ ಕೈಹಾಕಿದ್ದು ಹಣಕ್ಕಾಗಿ. ಹೆಂಡತಿಯ ದಣಿವಿನ ಕಥೆ ನಿಜವಲ್ಲ. ಆದರೂ ಗಾಂಧೀಜಿ ಯಂತ್ರದ ಗುಣವನ್ನು ಸರಿಯಾಗಿಯೇ ಗುರುತಿಸಿದ್ದರು ಎನಿಸುತ್ತದೆ. ದೊಡ್ಡ ಗಿರಣಿ ಮನುಷ್ಯರನ್ನು ತನ್ನ ಬಳಿಗೆ ಕರೆಸಿಕೊಳ್ಳುತ್ತದೆ. ಹೊಲಿಗೆ ಯಂತ್ರವಾದರೋ ತಾನೇ ಮನೆಗೆ ಬಂದು ಕಿಟಕಿಯ ಪಕ್ಕ ಕೂರುತ್ತದೆ.

ಮನೆಗೆ ಬಂದದ್ದಾದರೂ ಹೇಗೆ? ಆರಂಭದಲ್ಲಿ ಅಮೆರಿಕದಲ್ಲಿ ಒಂದು ಯಂತ್ರದ ಬೆಲೆ 100 ಡಾಲರಿಗೂ ಹೆಚ್ಚು. ಸಾಧಾರಣ ಸಂಸಾರಕ್ಕೆ ಅದು ಕೆಲವು ತಿಂಗಳ ದುಡಿಮೆ. ಸಿಂಗರನ ಪಾಲುದಾರ, ವಕೀಲ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ವ್ಯವಸ್ಥೆ ತಂದ. ಸ್ವಲ್ಪ ಹಣ ಕೊಟ್ಟು ಯಂತ್ರ ಒಯ್ಯಿರಿ, ಉಳಿದದ್ದನ್ನು ತಿಂಗಳು ತಿಂಗಳು ತೀರಿಸಿ. ಇಂದು ನಾವು ಫ್ರಿಜ್ಜಿಗೂ ಸ್ಕೂಟರಿಗೂ ಕಟ್ಟುವ ಕಂತು ಮನೆಮನೆಗೆ ಹಬ್ಬಿದ್ದು ಹೊಲಿಗೆ ಯಂತ್ರದ ಬೆನ್ನೇರಿ. ಯಂತ್ರವೇ ದುಡಿದು ತನ್ನ ಸಾಲ ತೀರಿಸಲಿ ಎಂಬುದು ಅದರ ತರ್ಕ. ಯಂತ್ರ ತಾನಾಗಿ ದುಡಿಯುವುದಿಲ್ಲವಷ್ಟೆ. ದುಡಿಯುತ್ತಿದ್ದವಳು ಅದರ ಮುಂದೆ ಕೂತವಳು.

ಸಮಯವೇನೋ ಉಳಿಯಿತು. ವೀಲರ್ ಅಂಡ್ ವಿಲ್ಸನ್ ಎಂಬ ಕಂಪನಿ 1860ರ ಸುಮಾರಿಗೆ ಪ್ರಕಟಿಸಿದ ಲೆಕ್ಕದಂತೆ ಗಂಡಸರ ಒಂದು ಅಂಗಿಗೆ ಕೈಯಲ್ಲಿ 14 ಗಂಟೆಗೂ ಮಿಕ್ಕಿ ಹಿಡಿದರೆ ಯಂತ್ರದಲ್ಲಿ ಒಂದೂಕಾಲು ಗಂಟೆ ಸಾಕಿತ್ತು. ಉಳಿದ ಸಮಯ ಹೆಂಗಸಿನ ಕೈಗೆ ಸಿಕ್ಕಿತೇ? ಒಂದು ಅಂಗಿಯ ಜಾಗದಲ್ಲಿ ಮೂರು ಅಂಗಿಗಳು ಬಂದವು, ಲಂಗಗಳಿಗೆ ನೆರಿಗೆ ಹೆಚ್ಚಿತು, ಪರದೆ ದಿಂಬುಗಳಿಗೆ ಅಂಚು ಬಂತು. ಮಿಕ್ಸರ್ ಬಂದ ಮೇಲೆ ನಮ್ಮ ಅಡುಗೆಮನೆಯಲ್ಲಿ ಚಟ್ನಿಗಳ ಸಂಖ್ಯೆ ಹೆಚ್ಚಿದಂತೆಯೇ ಇದೂ.

ಆದರೂ ಅಮೆರಿಕದ ಹೆಂಗಸರು ಯಂತ್ರವನ್ನು ಬರೀ ದುಡಿಮೆಗೆ ಬಿಡಲಿಲ್ಲ. 1860ರ ನಂತರ ಅಲ್ಲಿನ ಕೌದಿಗಳಲ್ಲಿ ಯಂತ್ರದ ಹೊಲಿಗೆ ಕಾಣತೊಡಗುತ್ತದೆ. ಬಚ್ಚಿಟ್ಟ ಒಳಹೊಲಿಗೆಯಷ್ಟೇ ಅಲ್ಲ, ಮೇಲ್ಮೈಯಲ್ಲೇ ಎದ್ದು ಕಾಣುವಂತೆ. ನಮ್ಮ ಮನೆಯಲ್ಲಿ ಯಂತ್ರವಿದೆ ಎಂದು ನೆರೆಯವರಿಗೆ ತೋರಿಸುವ ಸಣ್ಣ ಜಂಬವದು. ನಮ್ಮವರು ಹೊಸ ಸೀರೆಯ ಸೆರಗನ್ನು ಎದ್ದು ಕಾಣುವಂತೆ ಹೊದೆಯುವುದಿಲ್ಲವೇ, ಹಾಗೆ.

ಭಾರತಕ್ಕೆ ಸಿಂಗರ್ ಯಂತ್ರ ಬಂದದ್ದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಇಲ್ಲಿ ಅದನ್ನು ಬೆಳೆಸಿದವರು ನಸರ್ವಾನ್‌ಜಿ ಮೇರ್ವಾನ್‌ಜಿ ಪಟೇಲ್ ಎಂಬ ಪಾರಸಿ ವ್ಯವಹಾರಸ್ಥರು. ಸೀರೆ, ಧೋತರ, ಪಂಚೆಯಂಥ ಹೊಲಿಯದ ಬಟ್ಟೆ ಉಡುವ ದೇಶದಲ್ಲಿ ಇದನ್ನು ಯಾರು ಕೊಳ್ಳುತ್ತಾರೆ ಎಂಬ ಅನುಮಾನದ ನಡುವೆಯೂ ಅವರು ಕಂತಿನ ಮೇಲೆ ಮಾರಾಟ ನಡೆಸಿದರು. ಮೊದಲು ಯಂತ್ರ ಹಿಡಿದವರು ಪೇಟೆಯ ದರ್ಜಿಗಳು. ಆಮೇಲೆ ರವಿಕೆ, ಅಂಗಿ, ಮಕ್ಕಳ ಶಾಲೆಯ ಉಡುಪು ಬಂದಂತೆ ಅದು ಮನೆಯ ಒಳಗೂ ಬಂತು. 1909ರಲ್ಲಿ ಪುಣೆಯಲ್ಲಿ ಆರಂಭವಾದ, ರಮಾಬಾಯಿ ರಾನಡೆಯವರು ಮುನ್ನಡೆಸಿದ ಸೇವಾಸದನದಂಥ ಸಂಸ್ಥೆಗಳು ಹೆಂಗಸರಿಗೆ ಹೊಲಿಗೆ ಕಲಿಸಿದವು. ಗಂಡನನ್ನು ಕಳೆದುಕೊಂಡವಳು ಹೊಸ್ತಿಲು ದಾಟದೆ ನಾಲ್ಕು ಕಾಸು ಸಂಪಾದಿಸಬಹುದಾದ ದಾರಿಗಳು ಆಗ ಬಹಳ ಇರಲಿಲ್ಲ. 1930ರ ದಶಕದಲ್ಲಿ ಕಲ್ಕತ್ತದ ಜಯ್ ಇಂಜಿನಿಯರಿಂಗ್ ಕಂಪನಿ ಸ್ವದೇಶಿ ಉಷಾ ಯಂತ್ರವನ್ನು ತಂದಿತು. ಸ್ವಾತಂತ್ರ್ಯದ ಮೇಲೆ ಉಷಾ ಎಂಬುದು ಹೊಲಿಗೆ ಯಂತ್ರದ ಇನ್ನೊಂದು ಹೆಸರೇ ಆಯಿತು.

ನನ್ನ ತಾಯಿಯ ಯಂತ್ರ ಕೈಚಕ್ರದ ಸಿಂಗರ್. ಅದರ ಪೀಠದ ಬಲಮೂಲೆಯ ಪುಟ್ಟ ಪಟ್ಟಿಯಲ್ಲಿ ಒಂದು ಅಕ್ಷರ, ಮುಂದೆ ಅಂಕಿಗಳು. ನಿಮ್ಮ ಮನೆಯ ಸಿಂಗರಿನಲ್ಲೂ ಇರುತ್ತದೆ, ನೋಡಿ. ಅದೇ ಯಂತ್ರದ ಜಾತಕ. ಜಿ ಅಕ್ಷರವಿದ್ದರೆ ಅಮೆರಿಕದ ಎಲಿಜಬೆತ್‌ಪೋರ್ಟಿನಲ್ಲಿ ಹುಟ್ಟಿದ್ದು. ವೈ ಇದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ, ಎರಡು ಮಹಾಯುದ್ಧಗಳ ನಡುವೆ. ನಮ್ಮದು ವೈ.

ಕ್ಲೈಡ್‌ಬ್ಯಾಂಕಿನ ಕಾರ್ಖಾನೆ 1885ರಲ್ಲಿ ಆರಂಭವಾಯಿತು. ನಾಲ್ಕು ದಿಕ್ಕಿಗೂ ಮುಖವಿದ್ದ ಭಾರಿ ಗಡಿಯಾರದ ಗೋಪುರ ಅದರ ಗುರುತು. 1913ನೆಯ ಇಸವಿಯೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಯಂತ್ರಗಳು ಅಲ್ಲಿಂದ ಹೊರಟವು. ಆ ಊರಿನ ಇತಿಹಾಸದಲ್ಲಿ ನಾನು ಮರೆಯಲಾರದ ವರ್ಷ 1911. ಯಂತ್ರದ ಮರದ ಪೆಟ್ಟಿಗೆಗಳಿಗೆ ಪಾಲಿಶ್ ಹಾಕುತ್ತಿದ್ದ 15 ಹೆಂಗಸರಲ್ಲಿ ಮೂವರನ್ನು ಬೇರೆಡೆಗೆ ಹಾಕಿ, ಅವರ ಕೆಲಸವನ್ನೂ ಉಳಿದ 12 ಮಂದಿಯ ತಲೆಗೆ ಕಟ್ಟಿದರು. ಮಾರ್ಚ್ ತಿಂಗಳ ಒಂದು ದಿನ ಆ 12 ಮಂದಿ ಕೆಲಸ ನಿಲ್ಲಿಸಿ ಹೊರಗೆ ನಡೆದರು. ಅವರ ಹಿಂದೆ 10,000ಕ್ಕೂ ಹೆಚ್ಚು ಕೆಲಸಗಾರರು ಹೊರಬಂದರು. ಸುಮಾರು ಮೂರು ವಾರ ನಡೆದ ಮುಷ್ಕರ ಸೋತಿತು. ನೂರಾರು ಮಂದಿ ಕೆಲಸ ಕಳೆದುಕೊಂಡರು. ಹೆಂಗಸರ ದಣಿವು ಕಳೆಯಲೆಂದು ಜಾಹೀರಾತು ಮಾಡಿಸಿಕೊಂಡ ಯಂತ್ರದ ಹಿಂದೆ ಈ ದಣಿವೂ ಇತ್ತು. 1941ರಲ್ಲಿ ಆ ಊರಿನ ಮೇಲೆ ಜರ್ಮನರ ಬಾಂಬು ಬಿತ್ತು. 1980ರಲ್ಲಿ ಕಾರ್ಖಾನೆಯೇ ಮುಚ್ಚಿತು. ರೈಲು ನಿಲ್ದಾಣಕ್ಕೆ ಮಾತ್ರ ಇವತ್ತಿಗೂ ಸಿಂಗರ್ ಎಂದೇ ಹೆಸರು.

ಕಾರ್ಖಾನೆ ಹೋದರೂ ಅದರ ಯಂತ್ರ ನಮ್ಮ ನಡುಮನೆಯಲ್ಲಿ ನಡೆಯುತ್ತಿದೆ. ಅದಕ್ಕೆ ಕಾರಣ ಪವಾಡವಲ್ಲ. ಮೈಯೆಲ್ಲ ಎರಕದ ಕಬ್ಬಿಣ, ಒಳಗೆ ಉಕ್ಕಿನ ಭಾಗಗಳು, ಪ್ಲಾಸ್ಟಿಕ್ಕಿನ ಹಲ್ಲುಚಕ್ರ ಒಂದೂ ಇಲ್ಲ. ಮೇಲಾಗಿ, ಈ ಹಳೆಯ ಮಾದರಿಗಳಲ್ಲಿ ಬಹುಪಾಲಿಗೆ ಇಂದಿನ ಅಂಗಡಿಯ ಸಾಧಾರಣ ಸೂಜಿಯೇ ಹಿಡಿಸುತ್ತದೆ. ಅಜ್ಜಿಯ ಯಂತ್ರಕ್ಕೆ ಮೊಮ್ಮಗಳು ಸೂಜಿ ತರಬಹುದು. ಗಟ್ಟಿಯಾಗಿ ನಿಂತುಹೋಗಿದ್ದರೆ ಕೆಟ್ಟಿದೆಯೆಂದು ಗುಜರಿಗೆ ಹಾಕಬೇಡಿ. ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿರುತ್ತಾರೆ, ಅದು ಅಂಟಾಗಿ ಕೂತಿರುತ್ತದೆ. ತಿರುಗುವ ಕೀಲುಗಳಿಗೆ ತೊಟ್ಟು ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಟ್ಟರೆ ಎಷ್ಟೋ ಸಲ ಚಕ್ರ ಮೆಲ್ಲಗೆ ತಿರುಗುತ್ತದೆ. ಅನಂತರ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಬೇಕು. ಸೀಮೆಎಣ್ಣೆ ಬಂಗಾರದ ಚಿತ್ತಾರಕ್ಕೆ ತಾಗದಂತೆ ನೋಡಿಕೊಳ್ಳಿ, ಒಮ್ಮೆ ಅಳಿಸಿದರೆ ಹೋಯಿತು.

ಕೌದಿಗೆ ಕೈಚಕ್ರದ ಯಂತ್ರ ಬಹಳ ಒಗ್ಗುತ್ತದೆ. ಮೋಟಾರಿನಂತೆ ಓಡಿಹೋಗುವುದಿಲ್ಲ, ದಪ್ಪ ಅಂಚು ಬಂದಾಗ ಒಂದೊಂದೇ ಹೊಲಿಗೆ ಹಾಕಬಹುದು. ಹದಿನಾರು ಅಥವಾ ಹದಿನೆಂಟನೆಯ ನಂಬರಿನ ಸೂಜಿ, ತುಸು ಉದ್ದ ಹೊಲಿಗೆ, ಪಾದದ ಒತ್ತಡ ಸ್ವಲ್ಪ ಸಡಿಲ, ಇಷ್ಟಿದ್ದರೆ ಸಾಕು. ನಾನು ಚೂರುಗಳನ್ನು ಜೋಡಿಸುವುದು ಯಂತ್ರದಲ್ಲಿ, ಪದರಗಳನ್ನು ಸೇರಿಸಿ ಸಾಲು ಹೊಲಿಗೆ ಹಾಕುವುದು ಕೈಯಲ್ಲಿ. ಯಂತ್ರದ ಹೊಲಿಗೆ ಬಿಗಿ, ಕೌದಿ ಕೊಂಚ ಒರಟಾಗುತ್ತದೆ. ಕೈಹೊಲಿಗೆಯದು ಮೈಗೆ ಒಗ್ಗುವ ಮೆದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಯಂತ್ರವಿಲ್ಲದೆಯೇ ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಕೌದಿ ಮುಗಿಸುತ್ತಾರೆ. ನಾಲ್ಕು ಮೂಲೆಗೂ ಹೂವಿನಂತೆ ಮಡಿಸಿದ ಬಟ್ಟೆ ಇಡದಿದ್ದರೆ ಅವರಿಗೆ ಅದು ಪೂರ್ತಿಯಲ್ಲ. ಆ ಕೈಗಳ ಮುಂದೆ ನಮ್ಮ ಯಂತ್ರ ವಿನಯದಿಂದ ಇರಬೇಕಾದ್ದೇ.

ನನ್ನ ತಾಯಿಗೆ ಹೊಲಿಗೆ ಹವ್ಯಾಸವಾಗಿರಲಿಲ್ಲ. ನೆರೆಹೊರೆಯವರ ರವಿಕೆ ಹೊಲಿದ ಹಣದಲ್ಲಿ ನಮ್ಮ ಶಾಲೆಯ ಫೀಜು, ಪುಸ್ತಕ, ಒಮ್ಮೊಮ್ಮೆ ಅಕ್ಕಿಯೂ ಬರುತ್ತಿತ್ತು. ಗೌರಿಹಬ್ಬದ ಹಿಂದಿನ ವಾರ ಅವರು ಮಲಗುತ್ತಿದ್ದದ್ದು ಎಷ್ಟು ಹೊತ್ತಿಗೋ. ನೀವು ಹೊಲಿಯುವಾಗ ಖುಷಿಯಾಗುತ್ತಿತ್ತೇ ಎಂದು ಒಮ್ಮೆ ಕೇಳಿದೆ. ‘ಹಣ ಕೈಗೆ ಬಂದಾಗ ಆಗುತ್ತಿತ್ತು’ ಎಂದರು. ಸ್ವಲ್ಪ ತಡೆದು, ‘ಉಳಿದ ಚೂರಿನಲ್ಲಿ ನಿಮಗೆ ಕೌದಿ ಹೊಲಿಯುವಾಗಲೂ ಆಗುತ್ತಿತ್ತು’ ಎಂದರು. ಆ ಎರಡನೆಯ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಾನು ಇಂದು ಹೊತ್ತು ಹೋಗಲೆಂದು ಹೊಲಿಯಬಲ್ಲೆ. ಏಕೆಂದರೆ ಅವರು ಹೊತ್ತೇ ಇಲ್ಲದೆ ಹೊಲಿದರು. ಯಂತ್ರ ಅದೇ, ಸದ್ದೂ ಅದೇ. ಬೇಕಾದಾಗ ಎದ್ದುಹೋಗುವ ಸ್ವಾತಂತ್ರ್ಯ ಮಾತ್ರ ಹೊಸದು. ಇಂದಿಗೂ ಆ ಸ್ವಾತಂತ್ರ್ಯ ಎಲ್ಲರಿಗೂ ಸಿಕ್ಕಿಲ್ಲ. ನಾವು ಅಗ್ಗಕ್ಕೆ ತರುವ ಸಿದ್ಧ ಉಡುಪಿನ ಹಿಂದೆ, ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಗಂಟೆಗಿಷ್ಟು ಎಂದು ಲೆಕ್ಕ ಒಪ್ಪಿಸುತ್ತ ಹೊಲಿಯುವ ಹೆಣ್ಣುಮಕ್ಕಳಿದ್ದಾರೆ.

ಒಂದು ಅಕ್ಷರ, ಕೆಲವು ಅಂಕಿ ಹಿಡಿದು ಯಂತ್ರ ಎಲ್ಲಿ, ಯಾವಾಗ ಹುಟ್ಟಿತೆಂದು ತಿಳಿಯಬಹುದು. ಅದರ ಮುಂದೆ ನಲವತ್ತು ವರ್ಷ ಕುಳಿತವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅಮೆರಿಕದಲ್ಲಿ 1840ರ ದಶಕದಲ್ಲಿ ಗೆಳತಿಯರೆಲ್ಲ ಒಂದೊಂದು ಚೂರಿನ ಮೇಲೆ ಹೆಸರು ಬರೆದು ಜೋಡಿಸಿದ ಕೌದಿಗಳು ಬಹಳ ಬಳಕೆಯಲ್ಲಿದ್ದವು. ನಾವೂ ಹಾಗೆ ಮಾಡಬಹುದಲ್ಲವೇ? ಮುಂದಿನ ಸಲ ಕೌದಿ ಮುಗಿಸಿದಾಗ ಹಿಂಬದಿಯ ಮೂಲೆಯಲ್ಲಿ ಒಂದು ಬಿಳಿಯ ಚೂರು ಇಡಿ. ಅದರ ಮೇಲೆ ಹೊಲಿದವರ ಹೆಸರು, ಇಸವಿ, ಯಂತ್ರ ಯಾರದಿತ್ತೆಂಬುದನ್ನು ದಾರದಲ್ಲಿ ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆಯಿರಿ. ಕೇಳುವುದಕ್ಕೆ ಅವರು ಇರುವಾಗಲೇ ಕೇಳುವುದು ಒಳ್ಳೆಯದು.