ಹುಸಿ ಪಣದ ಗಣಿತ



ಸಂಭವನೀಯತೆಯ ಪಾಠದಲ್ಲಿ 52 ಎಲೆಗಳ ಇಸ್ಪೀಟು ಕಟ್ಟನ್ನು ನಾನು ಎಷ್ಟು ಸಲ ಉದಾಹರಿಸಿದ್ದೇನೋ ಲೆಕ್ಕವಿಲ್ಲ. ಆ ಎಲೆಗಳಿಂದಲೇ ಆಡುವ ಪೋಕರ್ ಆಟದ ‘ಬ್ಲಫ್’, ಅಂದರೆ ಹುಸಿ ಪಣ, ಗಣಿತದ ವಸ್ತುವಾದ ಕಥೆಯನ್ನು ಇಂದು ಹೇಳಬೇಕೆನಿಸಿದೆ. ಜೂಜಿನ ಪ್ರಶಂಸೆ ನನ್ನ ಉದ್ದೇಶವಲ್ಲ.

ಪೋಕರ್ 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮಿಸಿಸಿಪ್ಪಿ ನದೀಪ್ರದೇಶದಲ್ಲಿ ಬೆಳೆದ ಆಟ. ಜೋ ಕವೆಲ್ ಎಂಬ ಆಂಗ್ಲ ನಟ 1829ರಲ್ಲಿ ಹಬೆಹಡಗೊಂದರಲ್ಲಿ ಕಂಡ ಈ ಆಟವನ್ನು ತನ್ನ ಆತ್ಮವೃತ್ತಾಂತದಲ್ಲಿ ವರ್ಣಿಸಿದ್ದಾನೆ. ಆಗ ಇದಕ್ಕೆ ‘ಬ್ಲಫ್’ ಎಂಬ ಹೆಸರೂ ಇತ್ತು. ಕೈಯಲ್ಲಿ ದುರ್ಬಲ ಎಲೆಗಳಿದ್ದರೂ ದೊಡ್ಡ ಪಣವೊಡ್ಡಿ ಎದುರಾಳಿಯನ್ನು ಹಿಮ್ಮೆಟ್ಟಿಸುವುದೇ ಆಟದ ಜೀವಾಳ. ಅದನ್ನು ಪತ್ತೆಹಚ್ಚಲು ಕಣ್ಣು, ಉಸಿರು, ಬೆರಳುಗಳ ನಡುಕವನ್ನು ಗಮನಿಸಬೇಕೆಂಬುದು ಬಹುಕಾಲದ ನಂಬಿಕೆ.

ಬುಡಾಪೆಸ್ಟ್‌ನಲ್ಲಿ ಜನಿಸಿದ ಗಣಿತಜ್ಞ ಜಾನ್ ವಾನ್ ನ್ಯೂಮನ್ ಮುಖವನ್ನು ಬದಿಗಿಟ್ಟು ಲೆಕ್ಕವನ್ನು ಹಿಡಿದರು. ಆಟಗಳ ಸಿದ್ಧಾಂತಕ್ಕೆ 1928ರಲ್ಲಿ ಅಡಿಪಾಯ ಹಾಕಿ, 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರೊಡನೆ ಬರೆದ ಗ್ರಂಥದಲ್ಲಿ ಪೋಕರನ್ನು ಸರಳಗೊಳಿಸಿ ವಿಶ್ಲೇಷಿಸಿದರು. ಅವರು ಕಂಡ ಫಲಿತಾಂಶ ವಿಸ್ಮಯಕರ: ಹುಸಿ ಪಣವನ್ನು ಮಧ್ಯಮ ಎಲೆಗಳಿಂದಲ್ಲ, ಅತ್ಯಂತ ಕೆಟ್ಟ ಎಲೆಗಳಿಂದಲೇ ಒಡ್ಡಬೇಕು. ಎಂದೂ ಹುಸಿಯಾಡದವನು ಪಣವೊಡ್ಡಿದೊಡನೆ ಎಲ್ಲರೂ ಹಿಂದೆ ಸರಿಯುತ್ತಾರೆ. ಒಳ್ಳೆಯ ಎಲೆ ಬಂದಾಗಲೂ ಅವನಿಗೆ ಲಾಭವಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಕೊನೆಯ ಸುತ್ತಿನಲ್ಲಿ ಮೇಜಿನ ನಡುವೆ 100 ರೂಪಾಯಿ ಇದೆ. ನಾನು ಇನ್ನೂ 100 ಒಡ್ಡುತ್ತೇನೆ. ಎದುರಾಳಿಯು 100 ಕೊಟ್ಟರೆ 200 ಗೆಲ್ಲಬಹುದು. ಇಂತಹ ನನ್ನ ಮೂರು ಪಣಗಳಲ್ಲಿ ಎರಡು ನಿಜ, ಒಂದು ಹುಸಿಯಾಗಿದ್ದರೆ ಅವನು ಒಪ್ಪಿದರೂ ಬಿಟ್ಟರೂ ಸರಾಸರಿ ಒಂದೇ. ನನ್ನ ಮುಖವನ್ನು ಎಷ್ಟು ನೋಡಿದರೇನು? ಮುಖ ಮಾತ್ರ ಏನನ್ನೂ ಹೇಳಬಾರದು, ಅಷ್ಟೆ.

2017ರಲ್ಲಿ ಇದು ಕಣ್ಣೆದುರೇ ಸಾಬೀತಾಯಿತು. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರಾಟಸ್’ ಎಂಬ ಗಣಕ ಕಾರ್ಯಕ್ರಮವು ನಾಲ್ವರು ವೃತ್ತಿಪರ ಆಟಗಾರರೊಡನೆ, ಒಬ್ಬೊಬ್ಬರೊಂದಿಗೆ ಪ್ರತ್ಯೇಕವಾಗಿ, 20 ದಿನಗಳಲ್ಲಿ ಒಟ್ಟು 1,20,000 ಆಟಗಳನ್ನಾಡಿ ಗೆದ್ದಿತು. ಅದಕ್ಕೆ ಓದಲು ಎದುರಾಳಿಯ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಮುಖವಿರಲಿಲ್ಲ.

ಹಾಗಾದರೆ ಎದುರಾಳಿಯನ್ನು ಓದುವ ವಿದ್ಯೆ ವ್ಯರ್ಥವೇ? ಅಲ್ಲ. ಮನುಷ್ಯರು ಈ ಪ್ರಮಾಣವನ್ನು ಕಾಯ್ದುಕೊಳ್ಳಲಾರರು. ಅಂಜುಬುರುಕ ವಿರಳವಾಗಿ ಹುಸಿಯಾಡುತ್ತಾನೆ, ಸೋತು ಕೆರಳಿದವನು ಪದೇಪದೇ. ಓದಬೇಕಾದದ್ದು ಒಂದು ಕ್ಷಣದ ಮುಖಭಾವವನ್ನಲ್ಲ, ಬಹಳ ಹೊತ್ತಿನ ನಡೆಯನ್ನು. ಎರಡು ನಿಜಗಳ ಆಸರೆಯಿಲ್ಲದೆ ಒಂದು ಹುಸಿ ನಿಲ್ಲದು ಎಂಬುದನ್ನು ಗಣಿತವೇ ಹೇಳಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.