ಎಣಿಕೆಗೆ ಸಿಗದ ನಾಡು: ಕ್ರಿಕೆಟ್ ಆಡಳಿತದಲ್ಲಿ ಅಧಿಕಾರ ಹಂಚಿಕೆಯ ಚರಿತ್ರೆ, ಕೊಡಗಿನಿಂದ ಕಂಡಂತೆ

1. ಪೀಠಿಕೆ

2011ರ ಜನಗಣತಿಯ ಪ್ರಕಾರ ಸಿಕ್ಕಿಂ ರಾಜ್ಯದ ಜನಸಂಖ್ಯೆ 6,10,577. ಕೊಡಗು ಜಿಲ್ಲೆಯದು 5,54,519. ಅಂತರ ಒಂದು ಸಣ್ಣ ಪಟ್ಟಣದಷ್ಟು. ಆದರೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ (ಬಿಸಿಸಿಐ) ಮಹಾಸಭೆಯಲ್ಲಿ ಸಿಕ್ಕಿಂಗೆ ಒಂದು ಪೂರ್ಣ ಮತವಿದೆ, ಇಡೀ ಕರ್ನಾಟಕಕ್ಕೆ ಇರುವುದೂ ಅಷ್ಟೇ. ಕೊಡಗಿಗೆ ತನ್ನದೆಂಬ ಮತವಿಲ್ಲ. ಇದನ್ನು ಅನ್ಯಾಯ ಎನ್ನಬೇಕೋ, ಸಹಜ ವ್ಯವಸ್ಥೆ ಎನ್ನಬೇಕೋ ಎಂಬುದು ನಾವು ಯಾವುದನ್ನು ‘ಒಂದು ಘಟಕ’ ಎಂದು ಎಣಿಸುತ್ತೇವೆ ಎಂಬುದರ ಮೇಲೆ ನಿಂತಿದೆ.

ಅಂತಾರಾಷ್ಟ್ರೀಯ ಕ್ರಿಕೆಟ್ ಆಡಳಿತದ ಚರ್ಚೆ ಸಾಮಾನ್ಯವಾಗಿ ಹಣದ ಪಾಲಿನ ಸುತ್ತಲೇ ತಿರುಗುತ್ತದೆ. ಪಾಲು ಹಂಚುವ ಮೊದಲೇ ಪಂಕ್ತಿಯಲ್ಲಿ ಕೂರುವವರು ಯಾರೆಂಬುದು ತೀರ್ಮಾನವಾಗಿರುತ್ತದೆ. ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ಈ ತೀರ್ಮಾನಕ್ಕೆ ಸಾಮ್ರಾಜ್ಯ, ಸಂಖ್ಯಾಬಲ, ವರಮಾನ ಎಂಬ ಮೂರು ಆಧಾರಗಳು ಒಂದರ ಮೇಲೊಂದು ಬಂದವು. 1956ರಲ್ಲಿ ತನ್ನ ರಾಜ್ಯತ್ವವನ್ನೇ ಬಿಟ್ಟುಕೊಟ್ಟ ಕೊಡಗಿನ ಕಡೆಯಿಂದ ಆ ಚರಿತ್ರೆಯನ್ನು ಓದಿ, ನ್ಯಾಯದ ಅಳತೆಗೋಲು ಏನಾಗಬಹುದು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ಸಾಮ್ರಾಜ್ಯದ ಗಡಿಯೇ ಸದಸ್ಯತ್ವದ ಗಡಿ

1909ರ ಜೂನ್ 15ರಂದು ಲಂಡನ್ನಿನ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ ಪ್ರತಿನಿಧಿಗಳು ಸೇರಿ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ (ಐಸಿಸಿ) ಸ್ಥಾಪಿಸಿದರು. ಆ ಹೊತ್ತಿಗೆ ಅಮೆರಿಕದ ಫಿಲಡೆಲ್ಫಿಯಾ ತಂಡ ಇಂಗ್ಲಿಷ್ ಕೌಂಟಿಗಳಿಗೆ ಸರಿಸಾಟಿಯಾಗಿ ಆಡುತ್ತಿತ್ತು. ಅದರ ವೇಗಿ ಬಾರ್ಟ್ ಕಿಂಗ್ 1908ರ ಇಂಗ್ಲೆಂಡ್ ಋತುವಿನ ಬೌಲಿಂಗ್ ಸರಾಸರಿಯಲ್ಲಿ ಮೊದಲಿಗನಾಗಿದ್ದ. ಆದರೂ ಸಾಮ್ರಾಜ್ಯದ ಹೊರಗಿನ ನಾಡಾದ ಕಾರಣ ಅಮೆರಿಕಕ್ಕೆ ಪ್ರವೇಶವಿರಲಿಲ್ಲ. ಆಟದ ಗುಣಮಟ್ಟಕ್ಕಿಂತ ರಾಜನಿಷ್ಠೆ ದೊಡ್ಡ ಅರ್ಹತೆಯಾಗಿತ್ತು.

1926ರಲ್ಲಿ ಭಾರತ, ವೆಸ್ಟ್ ಇಂಡೀಸ್ ಮತ್ತು ನ್ಯೂಜಿಲೆಂಡ್‌ಗಳಿಗೆ ಬಾಗಿಲು ತೆರೆಯಿತು. ಭಾರತಕ್ಕೆ ತನ್ನದೇ ಕ್ರಿಕೆಟ್ ಮಂಡಳಿ ಬಂದದ್ದು ಅದಾದ ಮೇಲೆ, 1928ರಲ್ಲಿ. ಪಾಕಿಸ್ತಾನ 1952ರಲ್ಲಿ ಸೇರಿತು. 1961ರಲ್ಲಿ ದಕ್ಷಿಣ ಆಫ್ರಿಕಾ ಸದಸ್ಯತ್ವ ಕಳೆದುಕೊಂಡಿತು. ಅದು ಕಾಮನ್‌ವೆಲ್ತ್ ಬಿಟ್ಟಿದ್ದೇ ಅದಕ್ಕೆ ನಿಯಮದ ಕಾರಣ. ಬಿಳಿಯರಲ್ಲದವರನ್ನು ತಂಡದಿಂದ ದೂರವಿಟ್ಟದ್ದು ನಿಯಮದ ಕಣ್ಣಿಗೆ ತಪ್ಪಾಗಿ ಕಾಣಿಸಿರಲಿಲ್ಲ. ವರ್ಣಭೇದದ ಕಾರಣಕ್ಕೆ ಅದರೊಂದಿಗೆ ಟೆಸ್ಟ್ ಆಡುವುದು ನಿಂತದ್ದು 1970ರಲ್ಲಿ. 1991ರಲ್ಲಿ ಮರಳಿ ಬಂದಾಗ ಅದು ಮೊದಲ ಪಂದ್ಯ ಆಡಿದ್ದು ಕೋಲ್ಕತ್ತದಲ್ಲಿ.

1965ರಲ್ಲಿ ‘ಇಂಪೀರಿಯಲ್’ ಹೋಗಿ ‘ಇಂಟರ್‌ನ್ಯಾಷನಲ್’ ಬಂತು, ಅಸೋಸಿಯೇಟ್ ಸದಸ್ಯತ್ವವೂ ಹುಟ್ಟಿತು. ಹೆಸರು ಬದಲಾದರೂ ಗದ್ದುಗೆ ಬದಲಾಗಲಿಲ್ಲ. ಲಂಡನ್ನಿನ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್ಬಿನ (ಎಂಸಿಸಿ) ಅಧ್ಯಕ್ಷರೇ ವಿಶ್ವ ಸಂಸ್ಥೆಯ ಅಧ್ಯಕ್ಷರಾಗುವ ಪದ್ಧತಿ 1989ರವರೆಗೆ ನಡೆಯಿತು. ಸ್ಥಾಪಕ ಸದಸ್ಯರೆಂಬ ಹೆಸರಿನಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾಗಳ ಕೈಯಲ್ಲಿದ್ದ ವೀಟೊ ಕೊನೆಗೊಂಡಿದ್ದು 1993ರಲ್ಲಿ. ಮೊದಲು ಬಂದವನಿಗೆ ಶಾಶ್ವತ ಮಣೆ ಎಂಬ ನಿಯಮ ಹೀಗೆ ಎಂಬತ್ತನಾಲ್ಕು ವರ್ಷ ಉಳಿಯಿತು.

3. ಸಂಖ್ಯಾಬಲದಿಂದ ವರಮಾನಕ್ಕೆ

ಆ ಮಣೆ ಅಲುಗಾಡಿದ್ದು ಸಂಖ್ಯಾಬಲದಿಂದ. 1987ರ ವಿಶ್ವಕಪ್ಪನ್ನು ಬಿಸಿಸಿಐನ ಎನ್.ಕೆ.ಪಿ. ಸಾಳ್ವೆ ನೇತೃತ್ವದಲ್ಲಿ ಭಾರತ ಮತ್ತು ಪಾಕಿಸ್ತಾನ ಒಟ್ಟಾಗಿ ಇಂಗ್ಲೆಂಡಿನಿಂದ ಹೊರಗೆ ತಂದವು. 1996ರ ವಿಶ್ವಕಪ್ ಯಾರಿಗೆಂದು ನಿರ್ಧರಿಸಲು 1993ರಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಸಭೆಯಲ್ಲಿ ಉಪಖಂಡದ ಮಂಡಳಿಗಳು ಅಸೋಸಿಯೇಟ್ ದೇಶಗಳಿಗೆ ಹೆಚ್ಚಿನ ಹಣದ ಭರವಸೆ ಕೊಟ್ಟು ಅವುಗಳ ಬೆಂಬಲ ಗಳಿಸಿದವು. ಬಿಸಿಸಿಐನ ಜಗಮೋಹನ್ ದಾಲ್ಮಿಯಾ ಈ ಲೆಕ್ಕಾಚಾರದ ಪ್ರಮುಖ ಸೂತ್ರಧಾರರು. 1997ರಲ್ಲಿ ಅವರು ಐಸಿಸಿ ಅಧ್ಯಕ್ಷರಾದರು. ವಸಾಹತುಶಾಹಿಯ ಬಾಲ ಕತ್ತರಿಸಿದ ಈ ಘಟನೆ ಇನ್ನೊಂದು ಪಾಠವನ್ನೂ ಕಲಿಸಿತು. ಮತವಿದ್ದೂ ಸ್ವಂತ ಶಕ್ತಿಯಿಲ್ಲದ ಸಣ್ಣ ಸದಸ್ಯರ ಮತಕ್ಕೆ ಬೆಲೆ ಕಟ್ಟುವವರು ಹುಟ್ಟಿಕೊಳ್ಳುತ್ತಾರೆ.

ಉಪಗ್ರಹ ಟಿವಿ ಬಂದ ಮೇಲೆ ಬೆಲೆ ಕಟ್ಟುವ ಶಕ್ತಿ ಭಾರತದ ಮಾರುಕಟ್ಟೆಯಲ್ಲಿ ಕೇಂದ್ರೀಕರಿಸಿತು. 2012ರಲ್ಲಿ ಲಾರ್ಡ್ ವುಲ್ಫ್ ನೇತೃತ್ವದ ಪರಿಶೀಲನಾ ವರದಿ, ಸದಸ್ಯ ಮಂಡಳಿಗಳ ಹಿತಾಸಕ್ತಿಗೆ ಕಟ್ಟುಬೀಳದ ಸ್ವತಂತ್ರ ನಿರ್ದೇಶಕರು ಬೇಕೆಂದು ಶಿಫಾರಸು ಮಾಡಿತು. ನಡೆದದ್ದು ತಿರುಗುಮುರುಗು. 2014ರ ಫೆಬ್ರುವರಿ 8ರಂದು ಸಿಂಗಪುರದ ಸಭೆಯಲ್ಲಿ ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಪ್ರಮುಖ ಸಮಿತಿಗಳಲ್ಲಿ ಕಾಯಂ ಸ್ಥಾನ ಮತ್ತು ವರಮಾನದಲ್ಲಿ ಸಿಂಹಪಾಲು ಕೊಡುವ ವ್ಯವಸ್ಥೆಗೆ ಒಪ್ಪಿಗೆ ದೊರೆಯಿತು. ಪಾಕಿಸ್ತಾನ ಮತ್ತು ಶ್ರೀಲಂಕಾ ಮತ ಹಾಕದೆ ದೂರ ಉಳಿದವು. 1993ರಲ್ಲಿ ವೀಟೊ ವಿರುದ್ಧ ಹೋರಾಡಿದ ದೇಶ ಇಪ್ಪತ್ತೊಂದು ವರ್ಷದಲ್ಲಿ ಕಾಯಂ ಮಣೆಗೆ ಪಟ್ಟು ಹಿಡಿದಿತ್ತು.

ಈ ಏರ್ಪಾಡು ಬಹಳ ದಿನ ಬಾಳಲಿಲ್ಲ. 2016ರಲ್ಲಿ ಶಶಾಂಕ್ ಮನೋಹರ್ ಮೊದಲ ಸ್ವತಂತ್ರ ಅಧ್ಯಕ್ಷರಾದರು. ಮರುವರ್ಷ ಹಂಚಿಕೆ ಸೂತ್ರ ಪರಿಷ್ಕರಣೆಯಾಯಿತು. ಅಫ್ಗಾನಿಸ್ತಾನ ಮತ್ತು ಐರ್ಲೆಂಡ್ ಸೇರಿ ಪೂರ್ಣ ಸದಸ್ಯರ ಸಂಖ್ಯೆ 12ಕ್ಕೇರಿತು. ಆದರೆ 2023ರ ಜುಲೈನಲ್ಲಿ ಡರ್ಬನ್‌ನಲ್ಲಿ ಒಪ್ಪಿಗೆಯಾದ 2024–27ರ ಸೂತ್ರದ ಕುರಿತು ವರದಿಯಾದ ಅಂಕಿಗಳ ಪ್ರಕಾರ ಭಾರತದ ಪಾಲು ಶೇ 38.5, ನಂತರದ ಸ್ಥಾನದಲ್ಲಿರುವ ಇಂಗ್ಲೆಂಡಿನದು ಶೇ 7ಕ್ಕಿಂತ ಕಡಿಮೆ. ತೊಂಬತ್ತಕ್ಕೂ ಹೆಚ್ಚು ಅಸೋಸಿಯೇಟ್ ದೇಶಗಳಿಗೆ ಒಟ್ಟಾಗಿ ಸಿಗುವುದು ಶೇ 11ರ ಆಸುಪಾಸು. ಆಗ ಬಿಸಿಸಿಐ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ರೋಜರ್ ಬಿನ್ನಿ.

ಭಾರತದ ವಾದವನ್ನು ತಳ್ಳಿಹಾಕುವಂತಿಲ್ಲ. ಪ್ರಸಾರ ಹಕ್ಕಿನ ಹಣದ ಬಹುಪಾಲು ಬರುವುದು ಭಾರತದ ವೀಕ್ಷಕರಿಂದ, ಹಾಗಾಗಿ ದುಡಿದವರಿಗೆ ಹೆಚ್ಚು ಪಾಲು ಎಂಬುದು ಆ ವಾದ. ಕ್ರಿಕೆಟ್ ಮಾತ್ರ ಒಬ್ಬರೇ ದುಡಿಯುವ ವ್ಯವಹಾರವಲ್ಲ. ಎದುರಾಳಿಯಿಲ್ಲದೆ ಪಂದ್ಯವಿಲ್ಲ, ಪಂದ್ಯವಿಲ್ಲದೆ ಪ್ರಸಾರವಿಲ್ಲ. ವರಮಾನ ತಂದವರನ್ನಷ್ಟೇ ಎಣಿಸುವ ಸೂತ್ರದಲ್ಲಿ ಎದುರಾಳಿಯ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ.

4. ಒಂದೇ ದಿನ ಅಳಿದ ಎರಡು ರಾಜ್ಯಗಳು

ಐಸಿಸಿಯಲ್ಲಿ ಹಣದ ಲೆಕ್ಕ ಮುಂದಿಡುವ ಬಿಸಿಸಿಐ ತನ್ನ ಮನೆಯೊಳಗೆ ಬೇರೆಯೇ ಲೆಕ್ಕದಲ್ಲಿ ನಡೆಯುತ್ತದೆ. 2015ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಆರ್.ಎಂ. ಲೋಧಾ ಸಮಿತಿ 2016ರ ಜನವರಿ 4ರಂದು ‘ಒಂದು ರಾಜ್ಯ, ಒಂದು ಮತ’ ತತ್ತ್ವವನ್ನು ಮುಂದಿಟ್ಟಿತು. ಆಗ ಮಹಾರಾಷ್ಟ್ರಕ್ಕೂ ಗುಜರಾತಿಗೂ ಮೂರು ಮೂರು ಸಂಸ್ಥೆಗಳ ಮತವಿತ್ತು. ಮುಂಬೈ ಮತ್ತು ಕೋಲ್ಕತ್ತದ ತಲಾ ಒಂದು ಕ್ಲಬ್ಬಿಗೂ ಮತವಿತ್ತು. ಈಶಾನ್ಯದ ಹಲವು ರಾಜ್ಯಗಳಿಗೆ ಒಂದೂ ಇರಲಿಲ್ಲ. 2016ರ ಜುಲೈ 18ರಂದು ನ್ಯಾಯಾಲಯ ಈ ತತ್ತ್ವವನ್ನು ಒಪ್ಪಿತು. 2018ರ ಆಗಸ್ಟ್ 9ರ ತೀರ್ಪಿನಲ್ಲಿ ಅದನ್ನು ಸಡಿಲಿಸಿ ಮುಂಬೈ, ವಿದರ್ಭ, ಬರೋಡಾ, ಸೌರಾಷ್ಟ್ರ ಮುಂತಾದವುಗಳ ಮತವನ್ನು ಉಳಿಸಿತು. ಆಟಕ್ಕೆ ಅವು ನೀಡಿದ ಚಾರಿತ್ರಿಕ ಕೊಡುಗೆ ಅದಕ್ಕೆ ಆಧಾರವಾಯಿತು. 2018–19ರ ಋತುವಿನಲ್ಲಿ ಸಿಕ್ಕಿಂ, ಮಿಜೋರಾಂ, ನಾಗಾಲ್ಯಾಂಡ್ ಮೊದಲಾದವು ರಣಜಿ ಟ್ರೋಫಿಗೆ ಕಾಲಿಟ್ಟವು.

ಸೌರಾಷ್ಟ್ರದ ಪಕ್ಕದಲ್ಲಿ ಕೊಡಗನ್ನು ಇಟ್ಟು ನೋಡಿದರೆ ಈ ಕಥೆಯ ತಿರುಳು ಸಿಗುತ್ತದೆ. ಸಂವಿಧಾನದ ಅಂದಿನ ವಿಂಗಡಣೆಯಲ್ಲಿ ಕೊಡಗು 1950ರಿಂದ ಪಾರ್ಟ್ ಸಿ ರಾಜ್ಯ; 1952ರಿಂದ 24 ಸದಸ್ಯರ ವಿಧಾನಸಭೆ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ಲೋಕಸಭೆಯಲ್ಲಿ ಸ್ವಂತ ಸ್ಥಾನ. ಸೌರಾಷ್ಟ್ರ ಪಾರ್ಟ್ ಬಿ ರಾಜ್ಯ. 1956ರ ನವೆಂಬರ್ 1ರಂದು, ಒಂದೇ ದಿನ, ಕೊಡಗು ಮೈಸೂರಿನಲ್ಲೂ ಸೌರಾಷ್ಟ್ರ ಮುಂಬೈ ರಾಜ್ಯದಲ್ಲೂ ವಿಲೀನವಾದವು. ನಕ್ಷೆಯಿಂದ ಎರಡೂ ಹೋದವು, ಕ್ರಿಕೆಟ್ ಮಂಡಳಿಯ ಪಟ್ಟಿಯಲ್ಲಿ ಸೌರಾಷ್ಟ್ರ ಉಳಿಯಿತು. ವಿಲೀನಕ್ಕೆ ಮೊದಲೇ ಅದರ ಹೆಸರಿನ ತಂಡ ರಣಜಿ ಆಡುತ್ತಿತ್ತು. ಕೊಡಗಿಗೆ ರಣಜಿ ತಂಡವಿರಲಿಲ್ಲ. ಇಲ್ಲಿನ ಮೈದಾನಗಳಲ್ಲಿ ಬೇರೂರಿದ್ದು ಹಾಕಿ. ಹೀಗಾಗಿ 1933ರಲ್ಲಿ ಸ್ಥಾಪನೆಯಾದ ಮೈಸೂರು ಕ್ರಿಕೆಟ್ ಸಂಸ್ಥೆಯ, ಮುಂದೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಾದ ಕೆಎಸ್‌ಸಿಎಯ, ವ್ಯಾಪ್ತಿಗೆ ಕೊಡಗು ಸದ್ದಿಲ್ಲದೆ ಸೇರಿಕೊಂಡಿತು. ‘ಚಾರಿತ್ರಿಕ ಕೊಡುಗೆ’ ಎಂಬ ಆಧಾರ ತಟಸ್ಥವಾಗಿ ಕಾಣುತ್ತದೆ. ಆದರೆ ಯಾವ ಸಂಸ್ಥಾನದ ಅರಸರಿಗೆ ಕ್ರಿಕೆಟ್ ಹುಚ್ಚಿತ್ತು ಎಂಬ ಹಳೆಯ ಆಕಸ್ಮಿಕವೂ ಅದರಲ್ಲಿ ಹಕ್ಕಾಗಿ ದಾಖಲಾಗಿದೆ. 1909ರ ‘ಸ್ಥಾಪಕ ಸದಸ್ಯ’ ಎಂಬ ವಾದದ ದೇಶೀ ಅವತಾರವಿದು.

ರಾಜ್ಯ ಮಟ್ಟದಲ್ಲೂ ಇದೇ ಸರಣಿ ಮುಂದುವರಿಯುತ್ತದೆ. ಕೆಎಸ್‌ಸಿಎ ಬೆಂಗಳೂರಿನ ಹೊರಗಿನ ಜಿಲ್ಲೆಗಳನ್ನು ಮೈಸೂರು, ತುಮಕೂರು, ಧಾರವಾಡ, ಶಿವಮೊಗ್ಗ, ರಾಯಚೂರು, ಮಂಗಳೂರು ಎಂಬ ವಲಯಗಳಾಗಿ ವಿಂಗಡಿಸಿದೆ. ಕೊಡಗಿನ ಹೆಸರಿನ ವಲಯವಿಲ್ಲ. ಕೊಡಗು ಮೂಲದ ಅಯ್ಯುಡ ರಾಬಿನ್ ಉತ್ತಪ್ಪ 2006ರಲ್ಲಿ ಇಂದೋರಿನಲ್ಲಿ ಇಂಗ್ಲೆಂಡ್ ವಿರುದ್ಧ 86 ರನ್ ಹೊಡೆದು ಭಾರತ ತಂಡಕ್ಕೆ ಪದಾರ್ಪಣೆ ಮಾಡಿದಾಗ ಕೊಡಗು ಸಂಭ್ರಮಿಸಿತು. ಅವರು ಕ್ರಿಕೆಟಿಗರಾಗಿ ಬೆಳೆದದ್ದು ಬೆಂಗಳೂರಿನಲ್ಲಿ. ತಂದೆ ವೇಣು ಉತ್ತಪ್ಪ ಹಾಕಿ ಅಂಪೈರ್. ಶಾಸನಸಭೆಯಲ್ಲೂ ಜಿಲ್ಲೆಯ ತೂಕ ಇಳಿಯುತ್ತಲೇ ಬಂದಿದೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಗಿ ಮಡಿಕೇರಿ ಮತ್ತು ವಿರಾಜಪೇಟೆ ಮಾತ್ರ ಉಳಿದವು. ತಲೆ ಎಣಿಸಿದರೆ ಕೊಡಗು ಸಣ್ಣದು, ಹಣ ಎಣಿಸಿದರೆ ಇನ್ನೂ ಸಣ್ಣದು, ಕ್ರಿಕೆಟ್ ಚರಿತ್ರೆ ಎಣಿಸಿದರೆ ಪಟ್ಟಿಯಲ್ಲೇ ಇಲ್ಲ.

5. ಹಾಕಿಯಲ್ಲಿ ಸೋತವರ ಅನುಭವ

ವಿಶ್ವ ಕ್ರಿಕೆಟ್‌ನಲ್ಲಿ ಭಾರತ ಈಗ ತೀರ್ಮಾನ ಕೈಗೊಳ್ಳುವ ಕಡೆ ಇದೆ. ತೀರ್ಮಾನಕ್ಕೆ ತಲೆಬಾಗುವ ಕಡೆ ಇದ್ದರೆ ಹೇಗಿರುತ್ತದೆ ಎಂಬುದನ್ನು ಕೊಡಗು ಹಾಕಿಯಲ್ಲಿ ಕಂಡಿದೆ. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಿತು, ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ಗೋವಿಂದ ಇದ್ದ ಭಾರತ ತಂಡ ಏಳನೇ ಸ್ಥಾನಕ್ಕಿಳಿಯಿತು. ಸೋಲಿಗೆ ಹಾಸೊಂದೇ ಕಾರಣವಲ್ಲ. ಆದರೆ ದುಬಾರಿ ಹಾಸನ್ನು ಹಾಕಿಸಿಕೊಳ್ಳಬಲ್ಲ ದೇಶಗಳಿಗೆ ಅನುಕೂಲವಾಗುವಂತೆ ಆಟದ ನೆಲವೇ ಬದಲಾಯಿತು. ಹುಲ್ಲಿನ ಮೇಲೆ ಕಲಿತವರ ಅಭಿಪ್ರಾಯಕ್ಕೆ ಅಲ್ಲಿ ತೂಕವಿರಲಿಲ್ಲ. ಇಂದು ಕ್ರಿಕೆಟ್‌ನ ವೇಳಾಪಟ್ಟಿ ಮತ್ತು ಪಾಲಿನ ಸೂತ್ರದ ಬಗ್ಗೆ ಸಣ್ಣ ಮಂಡಳಿಗಳು ಆಡುವ ಮಾತು, ಅಂದು ಉಪಖಂಡದ ಹಾಕಿಪ್ರಿಯರು ಆಡಿದ ಮಾತಿಗಿಂತ ಬೇರೆಯಲ್ಲ.

6. ಹಾಕಿ ನಮ್ಮೆ: ಒಕ್ಕವೇ ಘಟಕ

1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ (ಹಾಕಿ ನಮ್ಮೆ) ಮೊದಲ ವರ್ಷ 60 ತಂಡಗಳಿದ್ದವು. 2023ರ ಅಪ್ಪಚೆಟ್ಟೋಳಂಡ ಕಪ್‌ನಲ್ಲಿ 336, 2024ರ ಕುಂಡ್ಯೋಳಂಡ ಕಪ್‌ನಲ್ಲಿ 360, 2025ರ ಮುದ್ದಂಡ ಕಪ್‌ನಲ್ಲಿ 396 ತಂಡಗಳು ನೋಂದಾಯಿಸಿಕೊಂಡವು. 2024ರ ಉತ್ಸವ ಗಿನ್ನೆಸ್ ದಾಖಲೆಗೆ ಸೇರಿತು.

ಇಲ್ಲಿ ನೋಂದಾಯಿಸಿಕೊಳ್ಳುವ ಘಟಕ ಒಕ್ಕ, ಅಂದರೆ ಒಂದೇ ಮನೆಹೆಸರಿನ ಕುಟುಂಬ. ನೂರಾರು ಸದಸ್ಯರ ಒಕ್ಕಕ್ಕೂ ಹನ್ನೊಂದು ಜನರನ್ನು ಹೊಂದಿಸಲು ಹೆಣಗುವ ಒಕ್ಕಕ್ಕೂ ಮೈದಾನದಲ್ಲಿ ಒಂದೇ ತಂಡ. ಒಲಿಂಪಿಯನ್ ಇರುವ ತಂಡದ ಎದುರು ಶಾಲಾ ಹುಡುಗರು, ಹೆಣ್ಣುಮಕ್ಕಳು, ಕೂದಲು ನರೆತ ಹಿರಿಯರು ಕೂಡಿದ ತಂಡ ಇಳಿಯುವುದು ಸಾಮಾನ್ಯ. ಆತಿಥ್ಯ ವರ್ಷಕ್ಕೊಂದು ಒಕ್ಕದ ಹೆಗಲಿಗೆ ಬರುತ್ತದೆ, ಕಪ್‌ಗೆ ಆ ಒಕ್ಕದ ಹೆಸರು. ಉತ್ಸವ ಆರಂಭಿಸಿದ ಪಾಂಡಂಡ ಒಕ್ಕ ತನ್ನ ಹೆಸರನ್ನು ಕಪ್‌ಗೆ ಕಾಯಂ ಮಾಡಿಕೊಳ್ಳಲಿಲ್ಲ. ಮರುವರ್ಷವೇ ಅದು ಕೋಡಿರ ಕಪ್ ಆಯಿತು. ಸ್ಥಾಪಕರಿಗೆ ಗೌರವ ಉಂಟು, ವೀಟೊ ಇಲ್ಲ.

ಈ ಮಾದರಿಯನ್ನು ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಆತಿಥ್ಯದ ಖರ್ಚು ಭಾರಿ. ಎಲ್ಲ ಒಕ್ಕಗಳಿಗೂ ಅದು ಎಟಕುವುದಿಲ್ಲ, ಸರ್ಕಾರದ ಅನುದಾನವೂ ಬೇಕಾಗುತ್ತದೆ. ಒಳಗೆ ಸಮಾನತೆ ಇದ್ದರೂ ಸುತ್ತ ಬೇಲಿಯಿದೆ. ಜಿಲ್ಲೆಯ ಅರೆಭಾಷೆ ಗೌಡರು, ಯರವರು, ಕುರುಬರು, ಮುಸ್ಲಿಮರು ಈ ಪಟ್ಟಿಯಲ್ಲಿ ಬರುವುದಿಲ್ಲ. ಗೌಡ ಕುಟುಂಬಗಳು ತಮ್ಮದೇ ಕ್ರಿಕೆಟ್ ಟೂರ್ನಿಗಳನ್ನು ನಡೆಸುತ್ತವೆ. ಸಮುದಾಯದ ಹಬ್ಬಕ್ಕೆ ಬೇಲಿ ಇರುವುದು ದೋಷವಲ್ಲ. ಅದನ್ನೇ ಸಾರ್ವಜನಿಕ ಆಡಳಿತದ ಮಾದರಿಯಾಗಿ ತೆಗೆದುಕೊಳ್ಳುವಾಗ ಮಾತ್ರ 1909ರ ಲಾರ್ಡ್ಸ್ ಸಭೆಯನ್ನು ನೆನಪಿಡಬೇಕು. ಅಲ್ಲಿ ಕೂತವರೂ ತಮ್ಮತಮ್ಮಲ್ಲಿ ಸಮಾನರೆಂದೇ ಭಾವಿಸಿದ್ದರು.

7. ಉಪಸಂಹಾರ

ಮೇಲಿನ ಚರಿತ್ರೆಯಿಂದ ಎರಡು ತೀರ್ಮಾನಗಳಿಗೆ ಬರಬಹುದು. ಮೊದಲನೆಯದು, ಎಣಿಕೆಯ ಯಾವ ಆಧಾರವೂ ತಾನಾಗಿಯೇ ನ್ಯಾಯವಲ್ಲ. ಸ್ಥಾಪಕರ ಹಕ್ಕು ಹೊಸಬರನ್ನು ತಡೆಯಿತು; ಸಂಖ್ಯಾಬಲ ಮತಗಳ ಮಾರುಕಟ್ಟೆ ತೆರೆಯಿತು; ವರಮಾನ ಎದುರಾಳಿಯ ದುಡಿಮೆಯನ್ನು ಮರೆಸಿತು; ‘ಒಂದು ರಾಜ್ಯ, ಒಂದು ಮತ’ ಸಿಕ್ಕಿಂಗೆ ನ್ಯಾಯ ಕೊಡುವಾಗ ಕೊಡಗಿನಂಥ ಹಳೆಯ ರಾಜ್ಯವನ್ನು ಕಾಣಲಿಲ್ಲ. ಆಧಾರ ಬದಲಾದಾಗಲೆಲ್ಲ ಅದನ್ನು ಬದಲಿಸುವ ಶಕ್ತಿಯಿದ್ದವರಿಗೇ ಅನುಕೂಲವಾಗಿದೆ.

ಎರಡನೆಯದು, ಯಾವ ಸೂತ್ರ ಬಂದರೂ ಅಧಿಕಾರ ಒಂದೇ ಕಡೆ ಗಟ್ಟಿಯಾಗದಂತೆ ತಡೆಯುವುದು ಸರದಿ. ಹಾಕಿ ನಮ್ಮೆಯಿಂದ ಕ್ರಿಕೆಟ್ ಕಲಿಯಬಹುದಾದದ್ದು ಇಷ್ಟು. ಐಸಿಸಿ ಮಂಡಳಿಯಲ್ಲಿ ಅಸೋಸಿಯೇಟ್ ದೇಶಗಳಿಗಿರುವ ಮೂರು ಸ್ಥಾನಗಳನ್ನು ಹೆಚ್ಚಿಸಿ, ವಿಶ್ವಕಪ್ ಆತಿಥ್ಯವನ್ನು ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಆಚೆಗೂ ಸರದಿಯಲ್ಲಿ ಒಯ್ಯುವುದು ಅಸಾಧ್ಯವೇನಲ್ಲ. ರಾಜ್ಯ ಸಂಸ್ಥೆಗಳ ಆಡಳಿತ ಸಮಿತಿಯಲ್ಲಿ ವಲಯದೊಳಗಿನ ಜಿಲ್ಲೆಗಳಿಗೆ ಸರದಿಯ ಪ್ರಾತಿನಿಧ್ಯ ಕೊಡುವುದಂತೂ ಇನ್ನೂ ಸುಲಭ. ಅದಕ್ಕೆ ನ್ಯಾಯಾಲಯದ ತೀರ್ಪೂ ಬೇಡ, ಅಂತಾರಾಷ್ಟ್ರೀಯ ಒಪ್ಪಂದವೂ ಬೇಡ. ಐಸಿಸಿ ಸಭೆಯಲ್ಲಿ ಭಾರತ ಕೇಳುವ ಪಾಲಿನ ನ್ಯಾಯಾನ್ಯಾಯವನ್ನು ಅಳೆಯುವ ಕರ್ನಾಟಕ, ಮಡಿಕೇರಿಗೆ ತಾನು ಕೊಟ್ಟಿರುವ ಪಾಲನ್ನೂ ಅದೇ ಕೋಲಿನಿಂದ ಅಳೆಯಬೇಕು.